ತರಗೆಲೆಯ ಉಣುಗು



ಕಾಫಿ ಕೊಯ್ಲು ಮುಗಿಯುತ್ತಲೂ ಕೊಟ್ಟಿಗೆಗೆ ತರಗೆಲೆ ತರಲು ಕಾಡಿಗೆ ಹೋಗುತ್ತೀರಿ. ಬೇಡವೆಂದರೆ ಗೊಬ್ಬರ ಎಲ್ಲಿಂದ ಬರಬೇಕು? ಆದರೂ ಕೇಳಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತವು, ಜನಕ್ಕೂ ಜ್ವರ ಬಂತು. ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ 1952ರಲ್ಲಿ ಪುಣೆಯಲ್ಲಿ ತೆರೆದಿದ್ದ ವೈರಸ್ ಸಂಶೋಧನಾ ಕೇಂದ್ರದವರು ಬಂದು ಹುಡುಕಿದರು. ರೋಗ ಹರಡುವುದು ಉಣುಗು ಎಂದು ಗೊತ್ತಾಯಿತು. ಉಣ್ಣೆ ಅಂತೀರಲ್ಲ, ಅದೇ. ಮರಿ ಉಣುಗು ಸಾಸಿವೆಯಷ್ಟೇ, ಕಚ್ಚಿದ್ದೂ ತಿಳಿಯದು.

ಮೈತುಂಬ ಬಟ್ಟೆ ತೊಟ್ಟು, ಡೆಪಾ ಎಣ್ಣೆ ಹಚ್ಚಿ ಹೋಗಿ. ಬಂದೊಡನೆ ಬಿಸಿನೀರು ಸ್ನಾನ. ಬಟ್ಟೆಯೂ ಬಿಸಿನೀರಿಗೇ ಬೀಳಲಿ. ಸತ್ತ ಮಂಗನನ್ನು ಮುಟ್ಟದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಈ ಕಾಯಿಲೆ ಮನುಷ್ಯರಿಂದ ಮನುಷ್ಯರಿಗೆ ಅಂಟುವುದಿಲ್ಲ, ರೋಗಿಯನ್ನು ದೂರವಿಡಬೇಡಿ. ಹಳೆಯ ಲಸಿಕೆ 2022ರಲ್ಲಿ ನಿಂತುಹೋಯಿತು. ಜ್ವರ ಬಂದರೆ ಕಾಡಿಗೆ ಹೋಗಿದ್ದನ್ನು ಡಾಕ್ಟರಿಗೆ ಮೊದಲೇ ಹೇಳಿ.