ಮೀನೆಣ್ಣೆಯ ಆಮದು

ಶ್ರೋತೃಗಳೆ, ನಮ್ಮ ಗಾಜಿಪುರಕ್ಕೆ ಸಮುದ್ರವು ಬಲು ದೂರ. ಆದರೂ ದೊಡ್ಡ ಮೀನೊಂದನ್ನು ಬೆನ್ನಿನ ಮೇಲೆ ಹೊತ್ತ ಬೆಸ್ತನ ಚಿತ್ರವುಳ್ಳ ಔಷಧದ ಸೀಸೆಯನ್ನು ತಾವು ಕಂಡೇ ಇರುವಿರಿ. ಆ ಮೀನು ಕಾಡ್. ನಾರ್ವೆಯ ಲೋಫೋಟನ್ ದ್ವೀಪಗಳ ಬಳಿ ಚಳಿಗಾಲದಲ್ಲಿ ಅದನ್ನು ಹಿಡಿದು, ಯಕೃತ್ತಿನಿಂದ ಎಣ್ಣೆ ತೆಗೆಯುವರು. ಹಿಂದೆ ನಮ್ಮ ದೇಶಕ್ಕೆ ಬೇಕಾದುದೆಲ್ಲ ಬಹುಮಟ್ಟಿಗೆ ಹಾಗೆ ಹಡಗಿನಲ್ಲಿಯೇ ಬರುತ್ತಿದ್ದಿತು. ಔಷಧವೆಂದ ಮೇಲೆ ಮಡಿವಂತರೂ ಮೂಗು ಹಿಡಿದು ಮಕ್ಕಳಿಗೆ ಕುಡಿಸಿದುದುಂಟು. ಅದರ ಎ ಜೀವಸತ್ವವು ಇರುಳುಗಣ್ಣನ್ನೂ ಡಿ ಜೀವಸತ್ವವು ಎಲುಬಿನ ಸೊಟ್ಟತನವನ್ನೂ ತಡೆಯುವುದು.

ವಿಚಿತ್ರವೆಂದರೆ, ಅದೇ ಕಾಲದಲ್ಲಿ ನಮ್ಮ ಪಡುವಣ ಕರಾವಳಿಯ ಬೂತಾಯಿ ಮೀನಿನ ಎಣ್ಣೆಯು ಚರ್ಮ ಹದಮಾಡುವುದೇ ಮೊದಲಾದ ಕೆಲಸಗಳಿಗಾಗಿ ಯುರೋಪಿಗೆ ಹೋಗುತ್ತಿದ್ದಿತು.

1940ರ ಏಪ್ರಿಲಿನಲ್ಲಿ ಜರ್ಮನರು ನಾರ್ವೆಯ ಮೇಲೆ ಬಿದ್ದರು, ಆಮದು ಕಡಿಯಿತು. ಆಗ ನಮ್ಮವರ ಕಣ್ಣು ಸೊರಮೀನಿನ ಕಡೆಗೆ ತಿರುಗಿತು. ಮದರಾಸು ಸರ್ಕಾರವು ಕೋಳಿಕೋಡಿನಲ್ಲಿ ಅದರ ಯಕೃತ್ತಿನ ಎಣ್ಣೆಯನ್ನು ತಯಾರಿಸತೊಡಗಿತು. ಡಿ ಜೀವಸತ್ವವು ಅದರಲ್ಲಿ ಕಡಮೆಯಾದರೂ ಎ ಜೀವಸತ್ವದಲ್ಲಿ ಅದು ಕಾಡ್ ಎಣ್ಣೆಯನ್ನು ಎಷ್ಟೋ ಮಡಿ ಮೀರಿಸುವಂಥದು. ಅಂಗಳದ ಸಿರಿಯನ್ನು ಕಾಣಲು ನಮಗೊಂದು ಮಹಾಯುದ್ಧ ಬೇಕಾಯಿತೆ!

1947ರಲ್ಲಿ ಸ್ವಿಟ್ಜರ್ಲೆಂಡಿನ ಇಸ್ಲರ್ ಮತ್ತು ಸಂಗಡಿಗರು ಎ ಜೀವಸತ್ವವನ್ನು ರಸಾಯನಶಾಲೆಯಲ್ಲಿಯೇ ನಿರ್ಮಿಸಿದ ಮೇಲೆ ಮೀನಿನ ಹಂಗು ತಗ್ಗಿತು. 1970ರಲ್ಲಿ ಭಾರತ ಸರ್ಕಾರವು ಎಳೆಯ ಮಕ್ಕಳಿಗೆ ಆರು ತಿಂಗಳಿಗೊಮ್ಮೆ ಎ ಜೀವಸತ್ವವನ್ನು ಕುಡಿಸುವ ಕಾರ್ಯವನ್ನು ಆರಂಭಿಸಿತು.

ಮುಸ್ಸಂಜೆಯಲ್ಲಿ ಮಗುವು ತಡವರಿಸಿದರೆ ವೈದ್ಯರಲ್ಲಿಗೆ ತಡಮಾಡದೆ ಒಯ್ಯಬೇಕು. ಮೆಂತೆಪಲ್ಲೆ, ನುಗ್ಗೆಸೊಪ್ಪುಗಳಲ್ಲಿ ದೇಹವು ಎ ಜೀವಸತ್ವವಾಗಿ ಮಾರ್ಪಡಿಸಿಕೊಳ್ಳುವ ವಸ್ತುವುಂಟು. ಡಿ ಜೀವಸತ್ವಕ್ಕೆ ಕಲಬುರಗಿಯ ಬಿಸಿಲಿಗೇನು ಬರವೆ? ಸೀಸೆಯ ಎಣ್ಣೆಯನ್ನು ಮಾತ್ರ ಅಳತೆ ಮೀರಿ ಕುಡಿಸಲಾಗದು. ಹೆಚ್ಚಾದ ಎ ಜೀವಸತ್ವವು ಮೈಯಲ್ಲಿ ಸಂಗ್ರಹವಾಗಿ ವಿಷವಾಗುವುದುಂಟು.