ಮೊದಲು ಚಲನೆ, ಆಮೇಲೆ ಸ್ವಿಚ್ಚು



ಸ್ಟುಡಿಯೋದ ಕಂಟ್ರೋಲ್ ರೂಮಿನಲ್ಲಿ ಕುಳಿತು ಗುಂಡಿ ಒತ್ತಿಸುವುದು ನನ್ನ ಕಸುಬು. ಒಂದು ಬೆರಳು ಆಡಿದರೆ ಸಾಕು, ನಿಮ್ಮ ಮನೆಯ ಪರದೆಯ ಮೇಲೆ ಚಿತ್ರ ಬದಲಾಗುತ್ತದೆ. ಆ ಒಂದು ಬೆರಳೂ ಆಡದವರ ಪಾಡೇನು ಎಂದು ನಾನು ಯೋಚಿಸಿದ್ದು ಬಹಳ ತಡವಾಗಿ.

ಕೆಲವು ವರ್ಷಗಳ ಹಿಂದೆ ಒಬ್ಬ ಹುಡುಗನನ್ನು ಚಿತ್ರೀಕರಿಸಲು ಅವನ ಮನೆಗೆ ಹೋಗಿದ್ದೆವು. ಅವನಿಗೆ ಸೆರೆಬ್ರಲ್ ಪಾಲ್ಸಿ; ಎಂದರೆ, ಎಳವೆಯಲ್ಲೇ ಮಿದುಳಿಗಾದ ಹಾನಿಯಿಂದ ಸ್ನಾಯುಗಳು ಹತೋಟಿಗೆ ಸಿಗದ ಸ್ಥಿತಿ. ಮಾತಿಲ್ಲ. ಯಾರೋ ಹಿತೈಷಿಗಳು ದೊಡ್ಡ ಕೆಂಪು ಗುಂಡಿಯ ಸ್ವಿಚ್ಚೊಂದನ್ನು ಕೊಟ್ಟಿದ್ದರು. ಒಮ್ಮೆ ಒತ್ತಿದರೆ ರೇಡಿಯೋ ಶುರು, ಮತ್ತೊಮ್ಮೆ ಒತ್ತಿದರೆ ಬಂದ್. ಅದನ್ನು ಅವನ ಬಲಗೈ ಮುಂದೆ ಇಟ್ಟೆವು. ಕೈ ಎತ್ತಲು ಹೊರಟೊಡನೆ ಮೈಯೆಲ್ಲ ಬಿಗಿಯಿತು, ಕತ್ತು ಹಿಂದಕ್ಕೆ ಸೆಟೆಯಿತು. ಅರ್ಧ ಗಂಟೆಯಲ್ಲಿ ಎರಡೇ ಸಲ ಒತ್ತಿದ. "ಪಾಪ, ಅವನಿಗೆ ತಿಳಿಯೋದಿಲ್ಲ ಸಾರ್" ಎಂದರು ಪಕ್ಕದ ಮನೆಯವರು. ನಾನೂ ಹಾಗೆಯೇ ಅಂದುಕೊಂಡೆ. ಹೇಳಿಕೊಳ್ಳಲು ಈಗ ನಾಚಿಕೆಯಾಗುತ್ತದೆ.

ಎಡಿಟಿಂಗ್ ಮಾಡುವಾಗ ಅದೇ ದೃಶ್ಯಗಳನ್ನು ಮತ್ತೆ ಮತ್ತೆ ನೋಡಬೇಕಾಯಿತು. ತಾಯಿ ಅಡುಗೆಮನೆಯಿಂದ ಕೂಗಿದಾಗಲೆಲ್ಲ ಹುಡುಗನ ತಲೆ ಎರಡಂಗುಲದಷ್ಟು ಎಡಕ್ಕೆ ಹೊರಳುತ್ತಿತ್ತು; ಮತ್ತೆ ಮಧ್ಯಕ್ಕೆ ಬರುತ್ತಿತ್ತು. ಬಿಗಿತವಿಲ್ಲ, ಶ್ರಮವಿಲ್ಲ. ಆ ತುಣುಕನ್ನು ಆಕ್ಯುಪೇಷನಲ್ ಥೆರಪಿಸ್ಟ್ ಒಬ್ಬರಿಗೆ ತೋರಿಸಿದೆ. ಅವರು ಅದೇ ಸ್ವಿಚ್ಚನ್ನು ಕುರ್ಚಿಯಲ್ಲಿ ಅವನ ಎಡಗೆನ್ನೆಯ ಪಕ್ಕಕ್ಕೆ ಕಟ್ಟಿಸಿದರು. ಹುಡುಗ ರೇಡಿಯೋ ಹಾಕಿದ. ಮರುಕ್ಷಣವೇ ಆರಿಸಿದ. ಬರುತ್ತಿದ್ದದ್ದು ವಾರ್ತೆ, ಅವನಿಗೆ ಬೇಕಿದ್ದದ್ದು ಹಾಡು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹಾಕಿ ನೋಡಿದ. ಅವನ ತಾಯಿ ಬಹಳ ಹೊತ್ತು ಮಾತಾಡಲಿಲ್ಲ.

ಸ್ವಿಚ್ಚು ಬದಲಾಗಿರಲಿಲ್ಲ, ಜಾಗ ಬದಲಾಗಿತ್ತು. ಈ ಮಾತನ್ನು ಹೇಳಲೆಂದೇ ಇಂದು ನಿಮ್ಮ ಮುಂದೆ ಬಂದಿದ್ದೇನೆ. ಅಂಗಡಿಗೆ ಹೋಗುವ ಮೊದಲು ದೇಹವನ್ನು ಗಮನಿಸಬೇಕು.

ಮೊದಲನೆಯದು ಕೂರುವ ಭಂಗಿ. ಸೊಂಟ ಜಾರದಂತೆ, ಪಾದ ತೂಗಾಡದಂತೆ ಆಸರೆ ಕೊಟ್ಟರೆ ಬೀಳುವ ಭಯ ಹೋಗಿ ಉಳಿದ ಅಂಗಗಳು ಸಡಿಲವಾಗುತ್ತವೆ. ಅನಂತರ ತಲೆ, ಗಲ್ಲ, ಹುಬ್ಬು, ಹೆಬ್ಬೆರಳು, ಮೊಣಕಾಲು, ಪಾದ ಇವುಗಳಲ್ಲಿ ಯಾವುದು ಆಡುತ್ತದೆ ಎಂದು ನೋಡಿ. ನಾಲ್ಕು ಪ್ರಶ್ನೆ ಕೇಳಿಕೊಳ್ಳಿ. ಬೇಕೆಂದಾಗ ಆಗುತ್ತದೆಯೇ? ಮತ್ತೆ ಮತ್ತೆ ಆಗುತ್ತದೆಯೇ? ನೋವಿಲ್ಲದೆ ಆಗುತ್ತದೆಯೇ? ಒತ್ತಿದ್ದನ್ನು ಬಿಡಲೂ ಆಗುತ್ತದೆಯೇ? ಕೊನೆಯದನ್ನು ಬಹಳ ಜನ ಮರೆಯುತ್ತಾರೆ. ಒತ್ತಬಲ್ಲವರೆಲ್ಲ ಸಮಯಕ್ಕೆ ಸರಿಯಾಗಿ ಬಿಡಲಾರರು.

ಉತ್ತರ ಸಿಕ್ಕ ಮೇಲೆ ಸ್ವಿಚ್ಚಿನ ಆಯ್ಕೆ ಸುಲಭ. ಚಲನೆಯಲ್ಲಿ ಬಲವಿದ್ದು ಗುರಿ ತಪ್ಪುತ್ತಿದ್ದರೆ ಅಗಲವಾದ, ಗಟ್ಟಿಯಾದ ಗುಂಡಿ. ಗುರಿ ಇದ್ದು ಬಲವಿಲ್ಲದಿದ್ದರೆ ಸವರಿದರೇ ಸಾಕಾಗುವ ಹಗುರ ಸ್ವಿಚ್ಚು. ಕೈಕಾಲು ಪೂರಾ ನಿಂತಿದ್ದರೆ ಉಸಿರಿದೆ. 1960ರಲ್ಲಿ ಇಂಗ್ಲೆಂಡಿನ ರೆಜ್ ಮೇಲಿಂಗ್ ಎಂಬುವರು, ಕೊಳವೆಯನ್ನು ಊದಿ, ಹೀರಿ ಸಲಕರಣೆಗಳನ್ನು ನಡೆಸುವ 'ಪಾಸಮ್' ಎಂಬ ಯಂತ್ರ ರೂಪಿಸಿದರು. ಉಸಿರೂ ಒದಗದಿದ್ದರೆ ಕೆನ್ನೆಯ ಅಥವಾ ರೆಪ್ಪೆಯ ಅಲುಗನ್ನು ಇನ್‌ಫ್ರಾರೆಡ್ ಕಿರಣದಿಂದ ಗುರುತಿಸುವ ಸ್ವಿಚ್ಚುಗಳಿವೆ.

ವಿಜ್ಞಾನಿ ಸ್ಟೀಫನ್ ಹಾಕಿಂಗ್ ಅವರನ್ನು ನೆನೆಯಿರಿ. 1985ರಲ್ಲಿ ಗಂಟಲಿನ ಶಸ್ತ್ರಚಿಕಿತ್ಸೆಯಿಂದ ಅವರ ದನಿ ಹೋಯಿತು. ಕೈಯಲ್ಲಿ ಹಿಡಿದ ಒಂದು ಸ್ವಿಚ್ಚಿನಿಂದ ಕಂಪ್ಯೂಟರಿನಲ್ಲಿ ಪದಗಳನ್ನು ಆರಿಸಿ ಮಾತಾಡಿದರು. ಕೈಯೂ ಸೋತಾಗ ಕನ್ನಡಕಕ್ಕೆ ಜೋಡಿಸಿದ ಸಂವೇದಕ ಅವರ ಕೆನ್ನೆಯ ಮಿಡಿತವನ್ನು ಹಿಡಿಯಿತು. 2018ರಲ್ಲಿ ತೀರಿಕೊಳ್ಳುವವರೆಗೂ ಅವರ ಕೆಲಸ ನಿಲ್ಲಲಿಲ್ಲ. ಕಾಯಿಲೆ ಹೆಚ್ಚುತ್ತ ಹೋಗುವವರಿಗೆ ಸ್ವಿಚ್ಚನ್ನು ಆಗಾಗ ಮರುಪರೀಕ್ಷೆ ಮಾಡಬೇಕು ಎಂಬುದಕ್ಕೂ ಅವರೇ ಸಾಕ್ಷಿ.

ಒಂದೇ ಸ್ವಿಚ್ಚಿನಿಂದ ಬರೆಯುವುದು ಹೇಗೆ ಎನ್ನುತ್ತೀರಾ? ಇಲ್ಲಿ ನಮ್ಮ ವರ್ಣಮಾಲೆ ನೆರವಿಗೆ ಬರುತ್ತದೆ. ವರ್ಗೀಯ ವ್ಯಂಜನ 25. ಸಾಲು ಐದು, ಸಾಲಿಗೆ ಅಕ್ಷರ ಐದು. ಒಂದೊಂದಾಗಿ ಹೇಳುತ್ತ ಹೋದರೆ 'ಮ'ಕಾರಕ್ಕೆ 25 ಹೆಜ್ಜೆ. ಮೊದಲು ಸಾಲು, ಆಮೇಲೆ ಅಕ್ಷರ ಎಂದು ಆರಿಸಿದರೆ ಹತ್ತೇ ಹೆಜ್ಜೆ. ಕಂಪ್ಯೂಟರ್ ಇಲ್ಲದಿದ್ದರೂ ಮನೆಯವರು ಸಾಲುಗಳನ್ನು ಓದಿ ಹೇಳಬಹುದು. ಬೇಕಾದದ್ದು ಬಂದಾಗ ಅವರು ಸ್ವಿಚ್ಚಿನ ಗಂಟೆ ಬಾರಿಸಿದರಾಯಿತು. ಸ್ವರಗಳಿಗೆ, 'ಯ'ಕಾರದಿಂದ ಮುಂದಿನವಕ್ಕೆ ಬೇರೆ ಸಾಲು ಮಾಡಿಕೊಳ್ಳಿ. ಇಂದಿನ ಅನೇಕ ಮೊಬೈಲ್ ಫೋನುಗಳಲ್ಲೂ ಸ್ವಿಚ್ಚಿನಿಂದ ನಡೆಸುವ ಏರ್ಪಾಡು ಇದೆ.

ಎರಡು ಎಚ್ಚರಿಕೆ. ಸ್ವಿಚ್ಚು ಅಲುಗದಂತೆ ಭದ್ರವಾಗಿ ಕೂರಿಸಿ. ಬೆರಳಗಲ ಸರಿದರೂ ಅದು ಇದ್ದೂ ಇಲ್ಲದಂತೆ. ಒಂದೇ ದಿನದ ಸೋಲನ್ನು ನೋಡಿ ತೀರ್ಮಾನಕ್ಕೆ ಬರಬೇಡಿ. ದಣಿದ ಸಂಜೆ ಆಗದ್ದು ಬೆಳಿಗ್ಗೆ ಆದೀತು.

ನಿಮ್ಮ ಮನೆಯಲ್ಲೋ ಬೀದಿಯಲ್ಲೋ ಅಂಥವರಿದ್ದರೆ ಮೊದಲು ಒಂದು ಕರೆಗಂಟೆಯಿಂದ ಶುರುಮಾಡಿ. ನಡುರಾತ್ರಿ ಬಾಯಾರಿದರೆ ಬೆಳಗಾಗುವವರೆಗೆ ಕಾಯುವುದಾದರೂ ತಪ್ಪುತ್ತದೆ. ಅದಕ್ಕೂ ಮುನ್ನ ಒಂದು ಗಂಟೆ ಸುಮ್ಮನೆ ಅವರ ಪಕ್ಕ ಕುಳಿತು ನೋಡಿ. ಯಾವ ಅಂಗ ತಾನಾಗಿ ಆಡುತ್ತದೆಯೋ, ಅಲ್ಲಿ ಸ್ವಿಚ್ಚು ಇಡಿ.