ಕಲಿಸಹೋಗಿ ಕಲಿತದ್ದು

(ಶತಮಾನೋತ್ಸವದ ಹಳೆವಿದ್ಯಾರ್ಥಿ ಸಮಾವೇಶದಲ್ಲಿ ಮಾಡಿದ ಭಾಷಣ)



ಈ ಶಾಲೆಯ ಒಂದೇ ತರಗತಿಯಲ್ಲಿ ಓದಿ, ಮುಂದೆ ದಂಪತಿಗಳಾದ ನಮ್ಮಿಬ್ಬರ ಪರವಾಗಿ ಈ ನಾಲ್ಕು ಮಾತು. ಉದ್ಯೋಗನಿಮಿತ್ತ ಕೆಲವು ವರ್ಷ ಜಪಾನಿನ ಯೊಕೊಹಾಮಾ ನಗರದಲ್ಲಿದ್ದಾಗ ನಾವು ಅಲ್ಲಿನವರಿಗೆ ಇಂಗ್ಲಿಷ್ ಸಂಭಾಷಣೆಯ ಖಾಸಗಿ ಪಾಠ ಹೇಳಿದೆವು. ಪಾಠ ಹೇಳುತ್ತಿದ್ದುದು ನಮ್ಮಲ್ಲೊಬ್ಬರೇ ಆದರೂ ಅದರ ಸಿದ್ಧತೆ, ಚರ್ಚೆ ಇಬ್ಬರದೂ ಆಗಿತ್ತು. ಆ ಪಾಠಗಳು ಈ ಶಾಲೆಯ ಬಗ್ಗೆ ನಮ್ಮೊಳಗಿದ್ದ ಒಂದು ಸಂಕೋಚವನ್ನು ಕಳೆದವು; ನಮ್ಮ ಕಲಿಕೆಯ ಒಂದು ಕೊರತೆಯನ್ನೂ ತೋರಿಸಿಕೊಟ್ಟವು. ಎರಡನ್ನೂ ಹೇಳುವುದೇ ನ್ಯಾಯ.

ಜಪಾನಿನ ಮಕ್ಕಳು ಪ್ರೌಢಶಿಕ್ಷಣ ಮುಗಿಸುವಷ್ಟರಲ್ಲಿ ಆರು ವರ್ಷವಾದರೂ ಇಂಗ್ಲಿಷ್ ಓದಿರುತ್ತಾರೆ. ವ್ಯಾಕರಣ ಬಲ್ಲರು, ಕಠಿನ ಗದ್ಯವನ್ನೂ ಅನುವಾದಿಸಬಲ್ಲರು. ಎದುರಿಗೆ ಒಬ್ಬರು ಕುಳಿತು ಪ್ರಶ್ನೆ ಕೇಳಿದರೆ ಮಾತ್ರ ಬಾಯಿ ಕಟ್ಟುತ್ತದೆ. ಆದುದರಿಂದಲೇ ಅಲ್ಲಿ 'ಎಯ್‌ಕಾಯ್ವಾ', ಅಂದರೆ ಇಂಗ್ಲಿಷ್ ಸಂಭಾಷಣೆಯ ಪಾಠಕ್ಕೆ ದೊಡ್ಡ ಬೇಡಿಕೆ. ಅವಲಂಬಿತರ ವೀಸಾದಲ್ಲಿ ಹೋದವರು ಸಂಪಾದನೆಯ ಕೆಲಸ ಮಾಡಲು ವಲಸೆ ಕಚೇರಿಯ ಅನುಮತಿ ಪಡೆಯಬೇಕು. ಅದನ್ನು ಪಡೆದು, ರೈಲು ನಿಲ್ದಾಣದ ಸಮೀಪದ ಕಾಫಿ ಅಂಗಡಿಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ಗಂಟೆ ಪಾಠ ಆರಂಭಿಸಿದೆವು. ಪಾಠ ಮುಗಿದ ಮೇಲೆ ಶುಲ್ಕವನ್ನು ಲಕೋಟೆಯಲ್ಲಿಟ್ಟು, ಎರಡೂ ಕೈಗಳಿಂದ, ತಲೆಬಾಗಿ ಕೊಡುತ್ತಿದ್ದರು.

ಆರಂಭ ಸುಲಭವಾಗಿರಲಿಲ್ಲ. ವಿಚಾರಿಸಲು ಬಂದವರೊಬ್ಬರು, ಇಂಗ್ಲಿಷ್ ನಿಮ್ಮ ಮಾತೃಭಾಷೆಯಲ್ಲವಷ್ಟೆ ಎಂದು ಕೇಳಿ, ವಿನಯದಿಂದಲೇ ಹಿಂದೆ ಸರಿದರು. ಅಂದು ರಾತ್ರಿ ನಾವು ಪರಸ್ಪರ ಹೆಚ್ಚು ಮಾತನಾಡಲಿಲ್ಲ. ಈ ಶಾಲೆ ಬಿಟ್ಟು ಮಂಗಳೂರಿನ ಕಾಲೇಜಿಗೆ ಸೇರಿದ ಮೊದಲ ದಿನ, ಉತ್ತರ ತಿಳಿದಿದ್ದೂ ಎದ್ದು ನಿಂತು ಹೇಳಲಾಗದೆ ಕುಳಿತಿದ್ದುದು ಇಬ್ಬರಿಗೂ ನೆನಪಾಗಿತ್ತು.

ಆದರೆ ಪಾಠ ಮುಂದುವರಿದಂತೆ ಒಂದು ವಿಷಯ ಸ್ಪಷ್ಟವಾಯಿತು. ನಮ್ಮ ಶಿಷ್ಯರು ಎಡವುತ್ತಿದ್ದ ಹಲವು ಕಲ್ಲುಗಳಿಗೆ ನಾವೂ ಎಡವಿದವರೇ. ಬಸ್ಸು, ಡೆಸ್ಕು, ಕ್ಲಾಸು ಎಂದು ನಾವು ಕೊನೆಗೆ ಉಕಾರ ಸೇರಿಸಿದರೆ, ಅವರದು ಬಸು, ದೆಸುಕು, ಕುರಾಸು. 'ನಿನ್ನೆ ಆಸ್ಪತ್ರೆಗೆ ಹೋದೆ' ಎಂಬುದು ಅವರ ಭಾಷೆಯಲ್ಲಿ 'ಕಿನೋ ಬ್ಯೋಯಿನ್ ನಿ ಇಕಿಮಾಶಿತಾ'. ಪದಗಳ ಕ್ರಮ ನಮ್ಮದೇ, ನಮ್ಮ 'ಗೆ' ಇರುವಲ್ಲಿ ಅವರ 'ನಿ', ಕ್ರಿಯಾಪದ ಕೊನೆಗೆ. 'ಊಟ ಮಾಡಿಲ್ಲವೆ?' ಎಂದು ಕೇಳಿದರೆ ನಾವು 'ಹೌದು, ಮಾಡಿಲ್ಲ' ಎನ್ನುತ್ತೇವೆ; ಜಪಾನಿಯರೂ ಹಾಗೆಯೇ. ಇಂಗ್ಲಿಷಿನಲ್ಲಿ ಅಲ್ಲಿ 'ನೋ' ಎನ್ನಬೇಕು. ಈ ತೊಡಕನ್ನು ವಿವರಿಸಿದಾಗ ದಾದಿಯೊಬ್ಬರು, ಹಲವು ವರ್ಷಗಳಿಂದ ವಿದೇಶೀ ರೋಗಿಗಳು ತಮ್ಮನ್ನು ತಪ್ಪು ತಿಳಿಯುತ್ತಿದ್ದುದು ಏಕೆಂದು ಈಗ ಅರ್ಥವಾಯಿತೆಂದರು. ಕನ್ನಡದ ಮೂಲಕ ಇಂಗ್ಲಿಷಿಗೆ ಹೋದ ದಾರಿ ನಮಗೆ ನೆನಪಿದ್ದುದರಿಂದಲೇ ಅವರ ತೊಡಕು ನಮಗೆ ಕಂಡಿತು.

ಶಿಷ್ಯರಲ್ಲಿ ಒಬ್ಬರು ಎಪ್ಪತ್ತು ದಾಟಿದ ನಿವೃತ್ತ ಇಂಜಿನಿಯರರು. ನೀವು ಯಾವ ಭಾಷೆಯಲ್ಲಿ ಓದಿದಿರೆಂದು ಅವರು ಕೇಳಿದಾಗ ನಾವು ಒಂದು ಕ್ಷಣ ತಡವರಿಸಿ, ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಎಂದೆವು. ಅವರಿಗೆ ಅದರಲ್ಲಿ ಯಾವ ವಿಶೇಷವೂ ಕಾಣಲಿಲ್ಲ. ಅವರು ಇಂಜಿನಿಯರಿಂಗ್ ಪದವಿಯನ್ನೇ ಜಪಾನಿ ಭಾಷೆಯಲ್ಲಿ ಪಡೆದವರು. ಹಾಗಾದರೆ ಈ ವಯಸ್ಸಿನಲ್ಲಿ ಇಂಗ್ಲಿಷ್ ಏಕೆಂದು ಕೇಳಿದೆವು. ಮಗಳ ಸಂಸಾರ ಆಸ್ಟ್ರೇಲಿಯದಲ್ಲಿದೆ. ಮೊಮ್ಮಗನಿಗೆ ಇಂಗ್ಲಿಷ್ ಬಿಟ್ಟು ಬೇರೆ ಭಾಷೆ ಬಾರದು. ಅವನೊಡನೆ ಮಾತನಾಡಬೇಕು ಎಂದರು. 'ಅವನಿಗೆ ನಮ್ಮ ಭಾಷೆ ಉಳಿದಿದ್ದರೆ ನನಗೆ ಈ ಪಾಠ ಬೇಕಿರಲಿಲ್ಲ' ಎಂದು ನಕ್ಕರು. ನಮಗೆ ನಗಲಾಗಲಿಲ್ಲ.

ಹೆತ್ತವರೇ, ಇಂಗ್ಲಿಷ್ ಬೇಡವೆಂದು ನಾವು ಹೇಳುತ್ತಿಲ್ಲ. ಅದರಿಂದ ಅನ್ನ ಉಂಡವರು ಹಾಗೆ ಹೇಳಬಾರದು. ಈ ಶಾಲೆ ನಮಗೆ ಇಂಗ್ಲಿಷ್ ವ್ಯಾಕರಣವನ್ನು ಭದ್ರವಾಗಿ ಕಲಿಸಿತು, ಆದರೆ ಮಾತನಾಡಿಸಲಿಲ್ಲ. ಕೊರತೆ ಇದ್ದುದು ಅಲ್ಲಿ, ಕನ್ನಡ ಮಾಧ್ಯಮದಲ್ಲಿ ಅಲ್ಲ. ಜಪಾನ್ 2020ರಿಂದ ಐದು ಮತ್ತು ಆರನೆಯ ತರಗತಿಗಳಿಗೆ ಇಂಗ್ಲಿಷನ್ನು ಒಂದು ವಿಷಯವಾಗಿ ಸೇರಿಸಿತು. ಅದಕ್ಕಾಗಿ ಗಣಿತ, ವಿಜ್ಞಾನಗಳನ್ನು ಇಂಗ್ಲಿಷಿಗೆ ಒಪ್ಪಿಸಲಿಲ್ಲ. ನಮ್ಮ ಕಾಸರಗೋಡಿನ ಮಗು ಮನೆಯಲ್ಲಿ ತುಳುವನ್ನೋ ಕೊಂಕಣಿಯನ್ನೋ, ಪೇಟೆಯಲ್ಲಿ ಮಲಯಾಳವನ್ನು, ಶಾಲೆಯಲ್ಲಿ ಕನ್ನಡವನ್ನು ಆಡುತ್ತದೆ. ಇದನ್ನು ಕೇಳಿ ನಮ್ಮ ಶಿಷ್ಯರು ಬೆರಗಾಗುತ್ತಿದ್ದರು. ಮಂಜೇಶ್ವರದ ಗೋವಿಂದ ಪೈಗಳು ಹಲವು ಭಾಷೆಗಳನ್ನು ಬಲ್ಲವರಾಗಿ, ಜಪಾನಿನ 'ನೋ' ನಾಟಕಗಳನ್ನೂ ಕನ್ನಡಕ್ಕೆ ತಂದವರು. ಈ ಮಣ್ಣಿನ ಮಕ್ಕಳಿಗೆ ಇನ್ನೊಂದು ಭಾಷೆ ಹೊರೆಯಾಗದು. ಮೊದಲಿನದನ್ನು ಕಳಚಿಟ್ಟು ಅದನ್ನು ಹೊರಬೇಕಾಗಿಯೂ ಇಲ್ಲ.

ಆದುದರಿಂದ ಒಂದು ಕೋರಿಕೆ. ವಾರಕ್ಕೆ ಒಂದು ಗಂಟೆ ಈ ಶಾಲೆಯಲ್ಲಿ ಇಂಗ್ಲಿಷ್ ಸಂಭಾಷಣೆಗೆ ಮೀಸಲಾಗಲಿ. ಪುಸ್ತಕವಿಲ್ಲ, ಪರೀಕ್ಷೆಯಿಲ್ಲ, ತಪ್ಪಿಗೆ ನಗು ಇಲ್ಲ. ಒಂದು ಮೇಜಿಗೆ ನಾಲ್ಕೇ ಮಕ್ಕಳು. ಮಗು ಉತ್ತರಿಸಲು ತಡಮಾಡಿದರೆ ಕಲಿಸುವವರು ಸುಮ್ಮನೆ ಕಾಯಬೇಕು. ಯೊಕೊಹಾಮಾದಲ್ಲಿ ನಾವು ಕಲಿಯಲು ಬಹಳ ಕಷ್ಟಪಟ್ಟದ್ದು ಆ ಕಾಯುವಿಕೆಯನ್ನೇ. ಊರಿಗೆ ಮರಳಿರುವ ನಾವಿಬ್ಬರೂ ಶನಿವಾರಗಳಂದು ಬರಲು ಸಿದ್ಧರಿದ್ದೇವೆ. ಹಳೆವಿದ್ಯಾರ್ಥಿಗಳಲ್ಲಿ ಇನ್ನೂ ನಾಲ್ಕು ಮಂದಿ ಕೈಜೋಡಿಸಿದರೆ ಬರುವ ಜೂನ್ ತಿಂಗಳಲ್ಲಿಯೇ ಆರಂಭಿಸಬಹುದು. ಶುಲ್ಕದ ಲಕೋಟೆ ಬೇಡ. ಅದನ್ನು ಈ ಶಾಲೆ ನಮಗೆ ಬಹಳ ಹಿಂದೆಯೇ ಕೊಟ್ಟಿದೆ.